ಇಂಗ್ಲಿಷ್ ಶಿಕ್ಷಕರ ಮನೆಮಾತನ್ನು ಕೇಳುವವರಿಗೆ: ಕೊಡಗಿನಿಂದ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳ ಸದಸ್ಯರಿಗೆ, ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಹಾಗೂ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ಎಲ್ಲ ತಂದೆತಾಯಿಗಳಿಗೆ,

ಮಾನ್ಯರೇ,

ಶಾಲೆಗಳು ಪುನರಾರಂಭವಾಗುವ ಮೊದಲು, ಮೇ ತಿಂಗಳ ಕೊನೆಯ ವಾರದಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಸಿದ್ದಾಪುರದ ಕಡೆಯ ತೋಟವೊಂದರ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಐದನೆಯ ತರಗತಿಯವರೆಗೂ ಇಂಗ್ಲಿಷಿನ ಒಂದು ಪೂರ್ಣ ವಾಕ್ಯ ಅವಳ ಬಾಯಿಂದ ಬಂದಿರಲಿಲ್ಲ. ಅವಳು ಈಗ ಇಂಗ್ಲಿಷಿನಲ್ಲಿ ಎಂ.ಎ., ಅದರ ಮೇಲೆ ಬಿ.ಇಡಿ. ಮುಗಿಸಿದ್ದಾಳೆ. ಅಂದು ಜಿಲ್ಲೆಯ ಒಂದು ವಸತಿ ಶಾಲೆಯ ಸಂದರ್ಶನ ಮುಗಿಸಿಕೊಂಡು ನೇರವಾಗಿ ನನ್ನಲ್ಲಿಗೆ ಬಂದಿದ್ದಳು. ಅಂಕಪಟ್ಟಿಗಳ ಫೈಲನ್ನು ಎದೆಗವಚಿಕೊಂಡೇ ಕುಳಿತವಳು, ಕಾಫಿ ಆರಿ ತಣ್ಣಗಾಗುವವರೆಗೂ ಲೋಟ ಮುಟ್ಟಲಿಲ್ಲ. ಸಂದರ್ಶನದಲ್ಲಿ ಅವಳಿಂದ ಒಂದು ಪಾಠವನ್ನೂ ಮಾಡಿಸಲಿಲ್ಲವಂತೆ. ಐದಾರು ನಿಮಿಷ ಮಾತನಾಡಿಸಿ, "ನಿಮ್ಮ ಇಂಗ್ಲಿಷಿನಲ್ಲಿ ಮನೆಮಾತು ಕೇಳಿಸುತ್ತದೆ, ನಮ್ಮ ಪೋಷಕರು ನೇಟಿವ್ ಸ್ಪೀಕರ್ ಬೇಕೆನ್ನುತ್ತಾರೆ" ಎಂದು ಹೇಳಿ ಕಳುಹಿಸಿದರಂತೆ. ನೇಟಿವ್ ಸ್ಪೀಕರ್ ಎಂದರೆ ಇಂಗ್ಲಿಷೇ ತಾಯ್ನುಡಿಯಾದವರು.

ಆ ಶಾಲೆಯ ಹೆಸರನ್ನು ನಾನು ಬರೆಯುವುದಿಲ್ಲ, ಏಕೆಂದರೆ ಇದು ಒಂದೇ ಶಾಲೆಯ ಮಾತಲ್ಲ. "ನೇಟಿವ್ ಸ್ಪೀಕರ್‌ಗಳಿಗೆ ಆದ್ಯತೆ" ಎಂಬ ಸಾಲನ್ನು ನೇಮಕಾತಿಯ ಜಾಹೀರಾತುಗಳಲ್ಲಿ, "ವಿದೇಶಿ ಶಿಕ್ಷಕರಿಂದ ಸ್ಪೋಕನ್ ಇಂಗ್ಲಿಷ್" ಎಂಬ ಸಾಲನ್ನು ದಾಖಲಾತಿಯ ಕರಪತ್ರಗಳಲ್ಲಿ ನಾನೇ ಓದಿದ್ದೇನೆ. ಮೂವತ್ತೊಂದು ವರ್ಷ ಈ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ, ಅರೆಭಾಷೆ ಮನೆಮಾತಿನ ಶಿಕ್ಷಕಿಯಾಗಿ ಈ ವಿಷಯದಲ್ಲಿ ಸುಮ್ಮನಿರುವುದು ನನಗೆ ಸರಿ ಕಾಣಲಿಲ್ಲ.

ಮೊದಲಿಗೆ, ನಾವು ಯಾವ ನೆಲದಲ್ಲಿ ನಿಂತು ಈ ಮಾತನ್ನಾಡುತ್ತಿದ್ದೇವೆ ಎಂಬುದನ್ನು ನೆನಪಿಸಿಕೊಳ್ಳೋಣ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ತಮಿಳು, ಯರವ ಮತ್ತು ಕುರುಬರ ನುಡಿಗಳು, ಈಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಅಸ್ಸಾಮಿ ಮತ್ತು ಬಂಗಾಳಿ: ನಮ್ಮ ಒಂದೊಂದು ತರಗತಿಯಲ್ಲೂ ಇವುಗಳಲ್ಲಿ ಮೂರು ನಾಲ್ಕು ನುಡಿಗಳಾದರೂ ಇರುತ್ತವೆ. ಕೊಡಗಿನ ಬಹುಪಾಲು ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ. ಅವರಿಗೆ ಕನ್ನಡ ಕಲಿಸಿದ ಮೇಷ್ಟ್ರುಗಳಲ್ಲಿ ಅನೇಕರ ಮನೆಮಾತು ಕೂಡ ಕನ್ನಡವಾಗಿರಲಿಲ್ಲ. ಆದರೂ ಕನ್ನಡ ಪಂಡಿತರ ಹುದ್ದೆಗೆ ಅರ್ಜಿ ಹಾಕಿದವರನ್ನು "ನಿಮ್ಮ ಮನೆಯಲ್ಲಿ ಯಾವ ಮಾತು" ಎಂದು ಯಾರೂ ಕೇಳಿದ್ದಿಲ್ಲ. ಕೇಳಿದ್ದರೆ, ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ, ಕೊಂಕಣಿ ಮನೆಮಾತಿನ ಪಂಜೆ ಮಂಗೇಶರಾಯರು ಕನ್ನಡದ ಮಕ್ಕಳಿಗೆ ದಕ್ಕುತ್ತಿರಲಿಲ್ಲ. ಮನೆಯಲ್ಲಿ ಮರಾಠಿ ಆಡಿದ ಬೇಂದ್ರೆ, ತಮಿಳು ಆಡಿದ ಮಾಸ್ತಿ ಕನ್ನಡಕ್ಕೆ 1973ರಲ್ಲಿ ಮತ್ತು 1983ರಲ್ಲಿ ಜ್ಞಾನಪೀಠ ತಂದುಕೊಟ್ಟರು. ಕನ್ನಡದ ವಿಷಯದಲ್ಲಿ ನಾವು ಒಪ್ಪಿಕೊಂಡು ಹೆಮ್ಮೆಪಡುವ ಸಂಗತಿಯನ್ನು ಇಂಗ್ಲಿಷಿನ ವಿಷಯದಲ್ಲಿ ಏಕೆ ಕೊರತೆಯೆಂದು ಎಣಿಸುತ್ತೇವೆ?

ಇನ್ನೂ ಹಿಂದಕ್ಕೆ ಹೋದರೆ, 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಇಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯರಾದ ಪಾದ್ರಿ ಜಿ. ರಿಕ್ಟರ್ ಅವರೇ ಇಂಗ್ಲಿಷರಲ್ಲ. ಬಾಸೆಲ್ ಮಿಷನ್ನಿನಿಂದ ಬಂದ ಆ ಜರ್ಮನ್ನರು ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾಗಿದ್ದರು. 1870ರಲ್ಲಿ ಕೊಡಗಿನ ಕುರಿತ ದೊಡ್ಡ ಕೈಪಿಡಿಯನ್ನು ತಾವು ಕಲಿತ ಇಂಗ್ಲಿಷಿನಲ್ಲೇ ಬರೆದರು. ಮಡಿಕೇರಿಯಲ್ಲಿಯೂ ಇದ್ದು ಹೋದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟನ್ನು ನಾನು ಇಂದಿಗೂ ತೆರೆದು ನೋಡುತ್ತೇನೆ. ಅದರ ಎಡಗಡೆಯ ಭಾಷೆಯೂ ಅವರ ತಾಯ್ನುಡಿಯಲ್ಲ, ಬಲಗಡೆಯದೂ ಅಲ್ಲ. ಇಂಗ್ಲಿಷರ ಆಳ್ವಿಕೆಯ ಕಾಲದಲ್ಲೇ, ಇಂಗ್ಲಿಷ್ ಅಧಿಕಾರಿಗಳ ಕಣ್ಣೆದುರಿಗೇ, ಈ ಜಿಲ್ಲೆಯ ಮುಖ್ಯ ಶಾಲೆಯನ್ನು ಇಂಗ್ಲಿಷ್ ಕಲಿತ ಜರ್ಮನ್ನರೊಬ್ಬರ ಕೈಗೆ ಒಪ್ಪಿಸಬಹುದಾಗಿದ್ದರೆ, ಇಂದು ಸಿದ್ದಾಪುರದ ಹುಡುಗಿಯ ಕೈಗೆ ಒಂದು ಏಳನೆಯ ತರಗತಿಯನ್ನು ಒಪ್ಪಿಸಲು ಇರುವ ಅಡ್ಡಿ ಯಾವುದು ಎಂದು ನಾನು ವಿನಯದಿಂದ ಕೇಳುತ್ತಿದ್ದೇನೆ.

ಇಂಗ್ಲಿಷ್ ಕಲಿಸಲು ತಾಯ್ನುಡಿಯವರೇ ಆದರ್ಶ ಎಂಬ ನಂಬಿಕೆ ತಾನಾಗಿ ಹುಟ್ಟಿದ್ದಲ್ಲ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ, ಕಾಮನ್‌ವೆಲ್ತ್ ದೇಶಗಳಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ಬಗ್ಗೆ ಒಂದು ಸಮ್ಮೇಳನ ನಡೆಯಿತು. ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಕಾಲವದು. ಅಲ್ಲಿ ಗಟ್ಟಿಯಾದ ನಂಬಿಕೆಗಳಲ್ಲಿ ಇದೂ ಒಂದೆಂದು ಭಾಷಾವಿಜ್ಞಾನಿ ರಾಬರ್ಟ್ ಫಿಲಿಪ್ಸನ್ 1992ರಲ್ಲಿ ವಿವರವಾಗಿ ತೋರಿಸಿ, ಇದಕ್ಕೆ ಆಧಾರವಿಲ್ಲವೆಂದು ವಾದಿಸಿದರು. ಅವರು ಸ್ವತಃ ಬ್ರಿಟನ್ನಿನವರು. ಅದೇ ವರ್ಷ ಹಂಗೇರಿಯ ಪೀಟರ್ ಮೆಜೆಶ್ ಎಂಬ ಇಂಗ್ಲಿಷ್ ಅಧ್ಯಾಪಕರು, ತಾಯ್ನುಡಿಯ ಶಿಕ್ಷಕರು ಮತ್ತು ಕಲಿತು ಬಂದ ಶಿಕ್ಷಕರು ಇವರಿಬ್ಬರಲ್ಲಿ ಯಾರ ಬೆಲೆ ಹೆಚ್ಚು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು, ಇಬ್ಬರೂ ಬೇರೆ ಬೇರೆ ದಾರಿಗಳಲ್ಲಿ ಸಮಾನವಾಗಿ ಒಳ್ಳೆಯ ಶಿಕ್ಷಕರಾಗಬಲ್ಲರು ಎಂದು ಬರೆದರು. ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವಾದ ಟೀಸಾಲ್, ತಾಯ್ನುಡಿಯ ಆಧಾರದ ಮೇಲೆ ನೇಮಕದಲ್ಲಿ ತಾರತಮ್ಯ ಮಾಡಬಾರದೆಂದು 2006ರಲ್ಲಿ ಲಿಖಿತವಾಗಿಯೇ ಹೇಳಿತು. ವೃತ್ತಿಯವರೇ ಬಿಟ್ಟುಕೊಡುತ್ತಿರುವ ಅಳತೆಗೋಲನ್ನು ನಮ್ಮ ಶಾಲೆಗಳು ಹೊಸದಾಗಿ ಕೈಗೆತ್ತಿಕೊಳ್ಳುತ್ತಿರುವುದು ನನಗೆ ದುಃಖದ ಸಂಗತಿ.

ಈ ಅಳತೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮವರದೇ ಒಂದು ಉದಾಹರಣೆ ಇದೆ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ನಾಡಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಹಣೆಬರಹವನ್ನು ನಿರ್ಧರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಜನರಲ್ ತಿಮ್ಮಯ್ಯನವರು. ಒಂದು ಮಾತು ಆಚೀಚೆಯಾದರೆ ಜೀವಗಳಿಗೇ ಅಪಾಯವಿದ್ದ ಜಾಗದಲ್ಲಿ ಜಗತ್ತು ಅವರ ಇಂಗ್ಲಿಷನ್ನು ನಂಬಿತು. ಇಂದು ಅದೇ ದಕ್ಷಿಣ ಕೊರಿಯಾ ಇಂಗ್ಲಿಷ್ ಕಲಿಸುವವರಿಗೆ ಕೊಡುವ ವೀಸಾ, ಸಾಮಾನ್ಯ ನಿಯಮದಂತೆ, ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕ ಎಂಬ ಏಳು ದೇಶಗಳ ಪೌರರಿಗೆ ಮೀಸಲು. ಆ ದೇಶದ ನಿಯಮ ಆ ದೇಶಕ್ಕಿರಲಿ. ಅಲ್ಲಿ ಇಂಗ್ಲಿಷ್ ಹೊರಗಿನ ಭಾಷೆ. ನಮ್ಮಲ್ಲಿ ಅದು ನ್ಯಾಯಾಲಯದಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಕಾಫಿ ವ್ಯಾಪಾರಿಯ ಲೆಕ್ಕದಲ್ಲಿ ಸುಮಾರು ಎರಡು ಶತಮಾನಗಳಿಂದ ಬಳಕೆಯಲ್ಲಿದೆ. ಕಾಶ್ಮೀರದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ಬ್ರಜ್ ಕಚ್ರು ಜಗತ್ತಿನ ಇಂಗ್ಲಿಷನ್ನು ಮೂರು ವೃತ್ತಗಳಾಗಿ ವಿಂಗಡಿಸಿ, ಭಾರತದಂಥ ದೇಶಗಳಿಗೆ ಪ್ರತ್ಯೇಕ ವೃತ್ತವನ್ನು ಗುರುತಿಸಿದ್ದು ಇದೇ ಕಾರಣಕ್ಕೆ. 2011ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ಇಂಗ್ಲಿಷನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 2 ಲಕ್ಷ 60 ಸಾವಿರ ಮಂದಿ. ಅದೇ ಗಣತಿಯಲ್ಲಿ ಕೊಡಗು ಒಂದೇ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಕೊಡಗಿನ ಅರ್ಧಕ್ಕೂ ಕಡಿಮೆ ಇರುವ ಆ ಜನರಿಂದಲೇ ಈ ದೇಶದ ಮಕ್ಕಳೆಲ್ಲ ಇಂಗ್ಲಿಷ್ ಕಲಿಯಬೇಕೆಂದರೆ ಅದು ಆಗುವ ಮಾತಲ್ಲ. ನಾವೆಲ್ಲರೂ ಇಂಗ್ಲಿಷ್ ಕಲಿತದ್ದು ಕಲಿತವರಿಂದಲೇ.

ಇನ್ನು ತರಗತಿಯ ಒಳಗಿನ ಮಾತಿಗೆ ಬರುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಅದೇ.

ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ "ಯೆಸ್ಟರ್‌ಡೇ ಕೇಮ್ ಬಾಯ್ ಈಸ್ ಮೈ ಬ್ರದರ್" ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸರಿಯಾದ ವಾಕ್ಯವನ್ನು ಮೇಲೆ ಬರೆದುಬಿಡುವುದು ಸುಲಭ. ಆದರೆ ಆ ವಾಕ್ಯ ಎಲ್ಲಿಂದ ಬಂತು ಎಂಬುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಕಪ್ಪು ಹಲಗೆಯ ಮೇಲೆ "ನಿನ್ನೆ ಬಂದ ಹುಡುಗ ನನ್ನ ಅಣ್ಣ" ಎಂದು ಬರೆದೆ. "ನಿನ್ನೆ ಬಂದ" ಎಂಬುದರ ಸುತ್ತ ಒಂದು ವೃತ್ತ ಎಳೆದು, "ಹುಡುಗ"ನನ್ನು ದಾಟಿಸಿ ಅವನ ಬೆನ್ನ ಹಿಂದಕ್ಕೆ ಬಾಣದ ಗುರುತು ಹಾಕಿದೆ. "ನಮ್ಮ ಮಾತಿನಲ್ಲಿ ವಿವರಣೆ ಮುಂದೆ ನಡೆಯುತ್ತದೆ, ಹುಡುಗ ಹಿಂದೆ ಬರುತ್ತಾನೆ. ಇಂಗ್ಲಿಷಿನಲ್ಲಿ ಹುಡುಗನೇ ಮೊದಲು ಬಂದು ನಿಲ್ಲಬೇಕು. ವಿವರಣೆ ಅವನ ಹಿಂದೆ ಬರುತ್ತದೆ, ಅವೆರಡನ್ನು ಕಟ್ಟಲು 'ಹೂ' ಎಂಬ ಹಗ್ಗ ಬೇಕು" ಎಂದೆ. ಕೊಡವ ಮನೆಯ ಹುಡುಗನೊಬ್ಬ ಎದ್ದು, "ನಮ್ಮಲ್ಲೂ ಹೀಗೇ ಟೀಚರ್, ಮುಂದೆಯೇ ಬರುತ್ತದೆ" ಎಂದ. ತುಳುವಿನ ಹುಡುಗಿ ತನ್ನ ಮಾತಿನಲ್ಲಿ ಹೇಳಿ ನೋಡಿದಳು, ಮಲಯಾಳದವರು ತಮ್ಮದರಲ್ಲಿ ಹೇಳಿ ನೋಡಿದರು. ಎಲ್ಲದರಲ್ಲೂ ವಿವರಣೆ ಮುಂದೆಯೇ ಇತ್ತು. ಅರ್ಧ ಗಂಟೆಯಲ್ಲಿ ಆ ತರಗತಿ, ನಮ್ಮ ಭಾಷೆಗಳೆಲ್ಲ ಒಂದು ಕಡೆ ಮುಖ ಮಾಡಿ ನಿಂತಿವೆ, ಇಂಗ್ಲಿಷ್ ಅವುಗಳಿಗೆ ಎದುರಾಗಿ ನಿಂತಿದೆ ಎಂಬುದನ್ನು ತಾನೇ ಕಂಡುಕೊಂಡಿತು. ತಪ್ಪು ಬರೆದ ಹುಡುಗಿಗೆ ತಾನು ದಡ್ಡಿಯಲ್ಲ, ತನ್ನ ಭಾಷೆಯ ಕ್ರಮವನ್ನೇ ನಿಷ್ಠೆಯಿಂದ ಪಾಲಿಸಿದ್ದೇನೆ ಎಂಬುದು ಗೊತ್ತಾಯಿತು. ಆ ವರ್ಷ ಅವಳು ಆ ತಪ್ಪನ್ನು ಮತ್ತೆ ಮಾಡಿದ್ದು ನನಗೆ ನೆನಪಿಲ್ಲ.

ಇದು ನನ್ನ ಜಾಣತನದ ಕಥೆಯಲ್ಲ. ಅದೇ ತಪ್ಪನ್ನು ಹನ್ನೆರಡನೆಯ ವಯಸ್ಸಿನಲ್ಲಿ ನಾನೂ ಮಾಡಿದ್ದೆ, ತಿದ್ದಿಕೊಂಡಿದ್ದೆ. ಆದ್ದರಿಂದ ಆ ದಾರಿಯ ಗುಂಡಿಗಳು ನನಗೆ ಗೊತ್ತಿದ್ದವು. "ಎಗ್" ಎನ್ನಬೇಕಾದಲ್ಲಿ "ಯೆಗ್" ಎಂದೂ "ಓಲ್ಡ್" ಎನ್ನಬೇಕಾದಲ್ಲಿ "ವೋಲ್ಡ್" ಎಂದೂ ಮಕ್ಕಳು ಏಕೆ ಅನ್ನುತ್ತಾರೆಂದರೆ, ಎಕಾರ ಒಕಾರಗಳಿಂದ ಆರಂಭವಾಗುವ ಪದಗಳಿಗೆ ಯಕಾರ ವಕಾರಗಳ ಆಸರೆ ಕೊಡುವುದು ನಮ್ಮ ನಾಲಿಗೆಯ ರೂಢಿ. ಇದನ್ನು ಹೇಳಿಕೊಟ್ಟರೆ ಮಕ್ಕಳು ತಮ್ಮನ್ನು ತಾವೇ ಕೇಳಿಸಿಕೊಂಡು ತಿದ್ದಿಕೊಳ್ಳುತ್ತಾರೆ. ಕನ್ನಡದ ಲಿಪಿಯಲ್ಲಿ ಬರೆಯಲು ತಿಣುಕಬೇಕಾದ ಸ್ವರಗಳನ್ನು ಕೊಡವ ಮಕ್ಕಳು ಮನೆಯಿಂದಲೇ ತರುತ್ತಾರೆ. ಹೊಸ ಸ್ವರವನ್ನು ಕಿವಿಗೊಟ್ಟು ಹಿಡಿಯುವುದರಲ್ಲಿ ಅವರು ಚುರುಕು ಎಂಬುದು ನನ್ನ ಅನುಭವ. ಇಂಥ ಸಂಗತಿಗಳು ಯಾವ ಪಠ್ಯಪುಸ್ತಕದಲ್ಲೂ ಇರುವುದಿಲ್ಲ. ಇವು ಇಲ್ಲಿಯ ಮಾತುಗಳನ್ನು ಬಲ್ಲ ಶಿಕ್ಷಕರಲ್ಲಿ ಮಾತ್ರ ಇರುತ್ತವೆ.

ಹಾಗೆಂದು ಇಂಗ್ಲಿಷ್ ತಾಯ್ನುಡಿಯವರಿಂದ ನಮ್ಮ ಮಕ್ಕಳಿಗೆ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹೋಂಸ್ಟೇಯಲ್ಲಿ ತಂಗಿದ್ದ ಇಂಗ್ಲೆಂಡಿನ ಯುವಕನೊಬ್ಬ, ತಾನಾಗಿಯೇ ಕೇಳಿಕೊಂಡು, ಎರಡು ವಾರ ನಮ್ಮ ಶಾಲೆಗೆ ಬಂದ. ಜುಲೈ ತಿಂಗಳ ಮಳೆ. ಹೆಂಚಿನ ಮೇಲೆ ಬೀಳುವ ಸದ್ದಿನಲ್ಲಿ ಮಾತು ಕೇಳಿಸದಿದ್ದಾಗ ಅವನು ಬೆಂಚುಗಳ ನಡುವೆ ಹೋಗಿ ಕುಳಿತು ಮಕ್ಕಳನ್ನು ಮಾತನಾಡಿಸುತ್ತಿದ್ದ. ಅವನ ಇಂಗ್ಲಿಷ್ ಟಿ.ವಿ.ಯಲ್ಲಿ ಕೇಳುವಂತೆ ಇರಲಿಲ್ಲ, ಮೊದಲ ಎರಡು ದಿನ ನನಗೇ ಅರ್ಥವಾಗಲು ಕಷ್ಟವಾಯಿತು. ಆ ದೇಶದಲ್ಲೂ ಊರಿಗೊಂದು ಉಚ್ಚಾರಣೆ ಇದೆ ಎಂಬುದು ಮಕ್ಕಳಿಗೆ ಅವನಿಂದಲೇ ಗೊತ್ತಾಯಿತು. ಎಂದೂ ಬಾಯಿ ಬಿಡದ ಮಕ್ಕಳು ಅವನೊಡನೆ ಮಾತನಾಡಿದರು. ಅದನ್ನು ನಾನು ವರ್ಷಗಟ್ಟಲೆ ಪ್ರಯತ್ನಿಸಿಯೂ ಸಾಧಿಸಿರಲಿಲ್ಲ, ಅದಕ್ಕಾಗಿ ಅವನಿಗೆ ನಾನು ಋಣಿ. ಆದರೆ "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಏಕೆ ತಪ್ಪು ಎಂದು ಒಬ್ಬ ಹುಡುಗ ಕೇಳಿದಾಗ, ಅವನು ಸ್ವಲ್ಪ ಹೊತ್ತು ಯೋಚಿಸಿ, ಕಿವಿಗೆ ಹಾಗೆ ಸರಿಬರುವುದಿಲ್ಲ, ಅಷ್ಟೇ ಎಂದು ಪ್ರಾಮಾಣಿಕವಾಗಿ ಹೇಳಿ ನನ್ನ ಕಡೆ ನೋಡಿದ. ನಮ್ಮ "ಇದ್ದಾರೆ" ಎಂಬುದು ಅಣ್ಣಂದಿರು ಇರುವುದಕ್ಕೂ ಬರುತ್ತದೆ, "ಓದುತ್ತಾ ಇದ್ದಾರೆ" ಎಂಬಲ್ಲಿಯೂ ಬರುತ್ತದೆ, ಆ ಎರಡು "ಇರು"ಗಳನ್ನು ಬೇರೆ ಮಾಡಿದರೆ ಗೊಂದಲ ತಿಳಿಯಾಗುತ್ತದೆ ಎಂದು ನಾನು ವಿವರಿಸಿದೆ. ಅವನೂ ಬೆಂಚಿನಲ್ಲಿ ಕುಳಿತು ಕೇಳಿದ. ಕಿವಿಗೆ ಅವನು, ಕಾರಣಕ್ಕೆ ನಾನು ಎಂದು ಆ ಎರಡು ವಾರ ನಾವಿಬ್ಬರೂ ಸೇರಿ ಕಲಿಸಿದೆವು. ಅವನಂಥವರು ಬರಲಿ, ಬರುತ್ತಲೇ ಇರಲಿ. ತರಬೇತಿ ಪಡೆದ ಶಿಕ್ಷಕಿಯನ್ನು ಹೊರಗೆ ಕಳುಹಿಸಿ ಆ ಜಾಗದಲ್ಲಿ ಅವರನ್ನು ಕೂರಿಸುವುದಕ್ಕೆ ಮಾತ್ರ ನನ್ನ ವಿರೋಧ.

ಪೋಷಕರ ಆತಂಕ ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ಸಂದರ್ಶನವೊಂದರಲ್ಲಿ ತಮ್ಮ ಮಗ ಅಥವಾ ಮಗಳು ಬಾಯಿ ತೆರೆದೊಡನೆ ಎದುರಿಗಿದ್ದವರು ಮುಖ ಮುಖ ನೋಡಿಕೊಳ್ಳಬಾರದು ಎಂಬ ಆಸೆ ತಪ್ಪಲ್ಲ. ಮತ್ತೊಂದು ಮಾತನ್ನೂ ನಾನು ಮುಚ್ಚಿಡಬಾರದು: ಇಂಗ್ಲಿಷ್ ಕಲಿಸುವ ನಮ್ಮಲ್ಲಿ ಅನೇಕರ ಇಂಗ್ಲಿಷ್ ದುರ್ಬಲವಾಗಿದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಯಿತು, 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಆದರೆ ಅದನ್ನು ಕಲಿಸಬೇಕಾದವರ ಕೈಗೆ ಅದಕ್ಕೆ ತಕ್ಕ ಸಿದ್ಧತೆಯನ್ನು ನಾವು ಕೊಡಲಿಲ್ಲ. ಗೈಡ್ ನೋಡಿ ಪ್ರಶ್ನೋತ್ತರ ಬರೆಸುವುದನ್ನೇ ಇಂಗ್ಲಿಷ್ ಪಾಠವೆಂದು ತಿಳಿದ ತರಗತಿಗಳನ್ನು ನಾನು ನೋಡಿದ್ದೇನೆ. ಅಂಥ ತರಗತಿಯಿಂದ ಮಗುವನ್ನು ಬಿಡಿಸಿಕೊಂಡು ಹೋಗುವ ತಾಯಿಯನ್ನು ನಾನು ದೂರುವುದಿಲ್ಲ. ಆದರೆ ಆ ದೌರ್ಬಲ್ಯ ಮನೆಮಾತಿನಿಂದ ಬಂದದ್ದಲ್ಲ. ಓದು ನಿಂತುಹೋದದ್ದರಿಂದ, ತರಬೇತಿ ಸಿಗದಿದ್ದುದರಿಂದ ಬಂದದ್ದು.

ತರಬೇತಿ ಏನು ಮಾಡಬಲ್ಲದು ಎಂಬುದನ್ನು ನನ್ನ ಮೇಲೆಯೇ ಕಂಡಿದ್ದೇನೆ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ನಾನು ತರಬೇತಿಗೆಂದು ಹೋದಾಗ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಅಲ್ಲಿ ನಮ್ಮ ಓದನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದು ನಮಗೇ ಕೇಳಿಸಿದರು. ನನ್ನ ಧ್ವನಿ ನನಗೆ ಗುರುತೇ ಸಿಗಲಿಲ್ಲ. ನಾನು ಒಂದೊಂದು ಅಕ್ಷರವನ್ನೂ ಒಂದೇ ತೂಕದಲ್ಲಿ, ಕನ್ನಡದ ಲಯದಲ್ಲಿ ಓದುತ್ತಿದ್ದೆ. "ಹೋಟೆಲ್" ಎಂಬ ಪದದಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬೀಳಬೇಕು, "ಫೋಟೋಗ್ರಾಫ್" ಎಂಬುದು "ಫೊಟಾಗ್ರಫಿ" ಆದಾಗ ಒತ್ತು ಒಂದು ಹೆಜ್ಜೆ ಮುಂದೆ ಜರುಗುತ್ತದೆ ಎಂದು ಮೇಜು ತಟ್ಟಿ ತಟ್ಟಿ ಕಲಿಸಿದವರು ತೆಲುಗು ಮನೆಮಾತಿನ ಅಧ್ಯಾಪಕರು. ಊರಿಗೆ ಬಂದ ಮೇಲೆ ನಾನೂ ಮೇಜು ತಟ್ಟಿಯೇ ಕಲಿಸಿದೆ. ನನ್ನ ಹಳೆಯ ವಿದ್ಯಾರ್ಥಿನಿಯೂ ಮೇಜು ತಟ್ಟುತ್ತಾಳೆ ಎಂದು ಅವಳ ಬಿ.ಇಡಿ. ಪಾಠ ನೋಡಿದವರೊಬ್ಬರು ನನಗೆ ಹೇಳಿದರು.

ಆದ್ದರಿಂದ ಆಡಳಿತ ಮಂಡಳಿಗಳವರಲ್ಲಿ ನನ್ನ ಕೋರಿಕೆ ಇಷ್ಟು: ಜಾಹೀರಾತುಗಳಿಂದ ಆ ಒಂದು ಸಾಲನ್ನು ತೆಗೆದುಹಾಕಿ. ಸಂದರ್ಶನದ ಕೊಠಡಿಯಲ್ಲಿ ಐದು ನಿಮಿಷ ಮಾತನಾಡಿಸಿ ನಿರ್ಧರಿಸುವ ಬದಲು, ಅಭ್ಯರ್ಥಿಯನ್ನು ನಿಮ್ಮ ಶಾಲೆಯ ನಿಜವಾದ ತರಗತಿಗೆ ಕರೆದುಕೊಂಡು ಹೋಗಿ ಒಂದು ಪೂರ್ಣ ಪೀರಿಯಡ್ ಪಾಠ ಮಾಡಿಸಿ. ಹಿಂದಿನ ಬೆಂಚಿನಲ್ಲಿ ಕುಳಿತು, ಮಕ್ಕಳ ತಪ್ಪಿಗೆ ಆ ವ್ಯಕ್ತಿ ಏನು ಮಾಡುತ್ತಾರೆ ಎಂಬುದನ್ನು ನೋಡಿ. ಭಾಷೆಯ ಮೇಲಿನ ಹಿಡಿತವನ್ನು ಖಂಡಿತ ಪರೀಕ್ಷಿಸಿ, ಕಟ್ಟುನಿಟ್ಟಾಗಿಯೇ ಪರೀಕ್ಷಿಸಿ, ಒಂದು ಪುಟ ಬರೆಸಿ, ಒಂದು ಪುಟ ಓದಿಸಿ. ಆ ಪರೀಕ್ಷೆ ಲಂಡನ್ನಿನಿಂದ ಬಂದವರಿಗೂ ಸಿದ್ದಾಪುರದಿಂದ ಬಂದವರಿಗೂ ಒಂದೇ ಇರಲಿ. ಸಂಬಳವೂ ಒಂದೇ ಇರಲಿ.

ಉಪನಿರ್ದೇಶಕರಲ್ಲಿ ಕೇಳಿಕೊಳ್ಳುವುದೇನೆಂದರೆ, ಜಿಲ್ಲೆಯ ಪ್ರತಿಯೊಬ್ಬ ಇಂಗ್ಲಿಷ್ ಶಿಕ್ಷಕರಿಗೂ ಕೆಲವು ವರ್ಷಗಳಿಗೊಮ್ಮೆಯಾದರೂ ಅಂಥ ಭಾಷಾ ತರಬೇತಿ ಸಿಗುವಂತೆ ಮಾಡಬೇಕು, ಬೋಧನಾ ವಿಧಾನದ ಉಪನ್ಯಾಸಗಳಿಗಿಂತ ಶಿಕ್ಷಕರ ಸ್ವಂತ ಇಂಗ್ಲಿಷನ್ನು ಗಟ್ಟಿ ಮಾಡುವುದಕ್ಕೆ ಅದರಲ್ಲಿ ಹೆಚ್ಚು ಸಮಯ ಇರಬೇಕು. ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆಯ ಶಾಲೆಗಳಿಗೆ ರಜೆ ಕೊಡಬೇಕಾಗಿ ಬರುತ್ತದೆ, ಆ ದಿನಗಳನ್ನು ಸರಿದೂಗಿಸಲು ಶನಿವಾರಗಳು ಹೋಗುತ್ತವೆ ಎಂಬುದನ್ನು ಬಲ್ಲೆ. ಆದ್ದರಿಂದ ತರಬೇತಿಯನ್ನು ಜನವರಿಯ ಹೊತ್ತಿಗೆ, ತಾಲ್ಲೂಕು ಕೇಂದ್ರಗಳಲ್ಲೇ ಇಟ್ಟುಕೊಂಡರೆ ದೂರದವರಿಗೂ ಅನುಕೂಲ. ಕಲಿಸಲು ನಿವೃತ್ತರು ಬೇಕಾದರೆ ನನ್ನಂಥವರು ಇದ್ದೇವೆ, ಗೌರವಧನದ ನಿರೀಕ್ಷೆಯಿಲ್ಲದೆ ಬರುತ್ತೇವೆ.

ಪೋಷಕರೇ, ಮುಂದಿನ ಬಾರಿ ಶಾಲೆಯ ಸಭೆಗೆ ಹೋದಾಗ, ಇಂಗ್ಲಿಷ್ ಟೀಚರ್ ಎಲ್ಲಿಯವರು ಎಂದು ಕೇಳುವ ಮೊದಲು ನಿಮ್ಮ ಮಗುವಿನ ನೋಟ್‌ಬುಕ್ಕನ್ನು ತೆರೆದು ನೋಡಿ. ಅದರಲ್ಲಿ ಮಗು ತಾನಾಗಿ ಬರೆದ ವಾಕ್ಯಗಳಿವೆಯೇ, ತಪ್ಪುಗಳ ಪಕ್ಕದಲ್ಲಿ ಬರೀ ಗುರುತು ಇದೆಯೇ ಅಥವಾ ಏಕೆ ತಪ್ಪು ಎಂಬುದೂ ಇದೆಯೇ ನೋಡಿ. ಬಳಿಕ ಆ ನೋಟ್‌ಬುಕ್ಕನ್ನು ಹಿಡಿದುಕೊಂಡೇ ಶಿಕ್ಷಕರನ್ನು ಪ್ರಶ್ನಿಸಿ; ಅಂಥ ಪ್ರಶ್ನೆಗೆ ಉತ್ತರಿಸುವ ಹೊಣೆ ನಮ್ಮದು.

ನನ್ನ ವಿದ್ಯಾರ್ಥಿನಿ ಈ ವರ್ಷ ಯಾವ ಶಾಲೆಗೂ ಸೇರಿಲ್ಲ. ಸಂಜೆ ಐದೂವರೆಗೆ, ತೋಟದ ಕೆಲಸ ಮುಗಿದ ಮೇಲೆ, ಲೈನ್ ಮನೆಯ ಜಗಲಿಯಲ್ಲಿ ಹದಿನಾಲ್ಕು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಾಳೆ. ಅವರಲ್ಲಿ ನಾಲ್ವರು ಅಸ್ಸಾಮಿನ ಮಕ್ಕಳು. ಅವರಿಗಾಗಿ ಅವಳು ಅಸ್ಸಾಮಿಯ ನೂರು ಪದಗಳನ್ನು ಬರೆದಿಟ್ಟುಕೊಂಡು ಕಲಿಯುತ್ತಿದ್ದಾಳೆ. ಅವಳ ಪಾಠವನ್ನು ನೋಡಲು ಇಚ್ಛಿಸುವ ಯಾವುದೇ ಆಡಳಿತ ಮಂಡಳಿಯವರು ಈ ಪತ್ರಿಕೆಯ ಮೂಲಕ ನನ್ನನ್ನು ಸಂಪರ್ಕಿಸಿದರೆ, ನಾನೇ ಕರೆದುಕೊಂಡು ಹೋಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಶಿಕ್ಷಕಿ,
ಮಡಿಕೇರಿ ತಾಲ್ಲೂಕು, ಕೊಡಗು ಜಿಲ್ಲೆ